ಆ ದ್ವೀಪಕ್ಕೆ ನಾನು ಕೇಳಿಸಿದೆನೇ?

ಗಡಹಿಂಗ್ಲಜದಿಂದ ಫೋನು ಮಾಡಿದಾಗಲೆಲ್ಲ ನೀವಿಬ್ಬರೂ ಕೇಳುತ್ತೀರಿ: "ಅಜ್ಜಿ, ಆ ಟಿಕ್ ಟಿಕ್ ಒತ್ತಿ ಯಾರ ಜೋಡಿ ಮಾತಾಡ್ತಿ?" ಫೋನಿನಲ್ಲಿ ವಿವರಿಸಿ ಹೇಳಲು ನನಗೆ ಬರುವುದಿಲ್ಲ. ಎದುರಿಗೆ ಕುಳಿತರೂ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಬನೂರಿನ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿರುವ ರೇಡಿಯೋ ನಿಮ್ಮ ಅಜ್ಜ ಜೋಡಿಸಿದ್ದು. ಅದರಲ್ಲಿ ಹಾಡು ಬರುವುದಿಲ್ಲ. ಸರಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು, ಯಾವ ಲಾಭವೂ ಇಲ್ಲದೆ, ದೂರದವರೊಡನೆ ಮಾತಾಡುವ ಹವ್ಯಾಸದ ರೇಡಿಯೋ ಅದು. ಪ್ರತಿಯೊಬ್ಬರಿಗೂ ಅಕ್ಷರ ಮತ್ತು ಅಂಕೆಗಳ ಒಂದು ಕರೆಹೆಸರು ಇರುತ್ತದೆ. ಅಜ್ಜ ಮೈಕಿನಲ್ಲಿ ಮಾತಾಡುತ್ತಿದ್ದರು. ನಾನು ಮೈಕು ಹಿಡಿದರೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತಿತ್ತು. ಆದರೆ ಉದ್ದ ಸದ್ದು, ಗಿಡ್ಡ ಸದ್ದುಗಳಿಂದ ಅಕ್ಷರ ಕಳಿಸುವ ಮೋರ್ಸ್ ವಿದ್ಯೆ ಇದೆಯಲ್ಲ, ಅದು ರೊಟ್ಟಿ ಬಡಿಯುತ್ತ ಕೇಳಿ ಕೇಳಿ ನನ್ನ ಕಿವಿಗೆ ಹತ್ತಿತು. ನಾನು ಓದಿದ್ದು ಹಳ್ಳಿಯ ಕನ್ನಡ ಶಾಲೆ. ಪರೀಕ್ಷೆಗೆ ಬೇಕಾದ ಇಂಗ್ಲಿಷನ್ನು ಅಜ್ಜನೇ ಕಲಿಸಿದರು. ಅವರು ಹೋದ ಮೇಲೂ ನಾನು ಆ ಖೋಲಿಗೆ ಹೋಗುವುದನ್ನು ಬಿಡಲಿಲ್ಲ. ಬಾಯಿ ತೆರೆಯದೆ ಮಾತಾಡಬಹುದಾದ ಜಾಗ ಅದೊಂದೇ.

ನಮ್ಮ ಓಣಿಯ ಮಗ್ಗಗಳ ಮೋಟಾರು ತಿರುಗುವಾಗ ರೇಡಿಯೋದಲ್ಲಿ ಬರೀ ಕರಕರ ಸದ್ದು. ಮಗ್ಗಗಳಿಗೆ ವಾರದ ಸುಟ್ಟಿ, ಅಂದರೆ ರಜೆ, ಇದ್ದ ದಿನ ಮಾತ್ರ ಆಕಾಶ ತೆರೆಯುತ್ತದೆ. ಮೊದಲು ಒಂದು ಸಣ್ಣ ಸುಯ್ಯೆನ್ನುವ ಸದ್ದು, ಅದರೊಳಗಿಂದ ಒಂದೊಂದೇ ದೇಶ. ಇಷ್ಟು ವರ್ಷ ಕೇಳಿದರೂ ಆ ಹೊತ್ತಿಗೆ ನನ್ನ ಕೈ ತಾನಾಗಿ ಸೆರಗು ಸರಿಪಡಿಸಿಕೊಳ್ಳುತ್ತದೆ, ದೊಡ್ಡವರ ಮುಂದೆ ನಿಂತ ಹಾಗೆ.

ಅಂಥದೊಂದು ಸುಟ್ಟಿಯ ಸಂಜೆ, ಮಳೆಗಾಲದಲ್ಲಿ, ದಕ್ಷಿಣ ಸಮುದ್ರದ ತುದಿಯ ಒಂದು ದ್ವೀಪ ಕೇಳಿಸಿತು. ಅಲ್ಲಿ ಜನವಸತಿ ಇಲ್ಲ. ಬರೀ ಹಿಮ, ಗಾಳಿ, ಹಕ್ಕಿ. ರೇಡಿಯೋ ಹುಚ್ಚಿನ ಕೆಲವರು ಹಡಗಿನಲ್ಲಿ ಹೋಗಿ, ಗುಡಾರ ಹಾಕಿ, ಕೆಲವು ದಿನ ಜಗತ್ತಿನೊಡನೆ ಮಾತಾಡುತ್ತಿದ್ದರು. ಸಂತೆಯಲ್ಲಿ ಎಲ್ಲರೂ ಒಮ್ಮೆಲೇ ಕೂಗಿದಂತೆ ಜಗತ್ತೆಲ್ಲ ಅವರನ್ನು ಕರೆಯುತ್ತಿತ್ತು. ನಾನೂ ನನ್ನ ಕರೆಹೆಸರು ಒತ್ತಿದೆ. ಮತ್ತೆ ಒತ್ತಿದೆ. ಇದ್ದಕ್ಕಿದ್ದಂತೆ ಆ ಕಡೆಯಿಂದ ನನ್ನದೇ ಹೆಸರು ತಿರುಗಿ ಬಂತು! ನನ್ನ ಸದ್ದು ಎಷ್ಟು ಸ್ಪಷ್ಟ ಎಂಬುದನ್ನೂ ಹೇಳಿದರು. ನಾನು ಉತ್ತರ ಒತ್ತಿದೆ. ಅದು ತಲುಪಿತು ಎಂದು ಅವರು ಹೇಳುವ ಮೊದಲೇ ಸದ್ದು ಮುಳುಗಿಹೋಯಿತು.

ಎರಡೂ ಕಡೆಯ ಮಾತು ತಲುಪಿದರೆ ಮಾತ್ರ ಅದು ಭೇಟಿ. ನನ್ನ ಉತ್ತರ ಅವರಿಗೆ ಕೇಳಿಸಿತೇ? ಆ ಮಳೆಗಾಲವೆಲ್ಲ ನನ್ನ ತಲೆಯಲ್ಲಿ ಇದೊಂದೇ.

ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಮಗ್ಗದ ಕಾರಖಾನೆಯಿಂದ ಚಹಾಕ್ಕೆ ಬಂದಾಗ ಚೇಷ್ಟೆ ಮಾಡುತ್ತಿದ್ದರು. "ವೈನಿ, ಯಾರೂ ಇಲ್ಲದ ನಡುಗಡ್ಡಿಗೆ ಫೋನ್ ಹಚ್ಚೀರಿ. ಎತ್ತಾವ್ರು ಯಾರ್ರೀ? ಹಕ್ಕಿ ಎತ್ತಿರಬೇಕು."

ನಿಮ್ಮ ಮಾಮಿ, ನನ್ನ ಸೊಸೆ, ನನ್ನ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದಳು. "ಕಾಕಾ, ನೀವು ಬಾಜೂ ಮನಿಗೆ ಕೂಗಿದ್ರ ಅವ್ರಿಗೇ ಕೇಳಸೂದಿಲ್ಲ. ನಮ್ಮ ಅತ್ಯಾರು ಸಮುದ್ರ ದಾಟ್ಯಾರ."

ಮೊದಲೆಲ್ಲ ಭೇಟಿಗೆ ಸಾಕ್ಷಿಯಾಗಿ ಎರಡೂ ಕಡೆಯವರು ಅಂಚೆಯಲ್ಲಿ ಕಾರ್ಡು ಕಳಿಸುತ್ತಿದ್ದರು. ಈ ದ್ವೀಪದವರು ಆನ್‌ಲೈನಿನಲ್ಲಿ ಮಾತ್ರ ಎಂದಿದ್ದರು. ಅಲ್ಲಿಯ ಪದ್ಧತಿ ಹೀಗೆ: ಅವರು ತಮ್ಮ ಭೇಟಿಗಳನ್ನು ಹಾಕುತ್ತಾರೆ, ನಾನು ನನ್ನವನ್ನು ಹಾಕುತ್ತೇನೆ. ಒಬ್ಬರದು ಒಬ್ಬರಿಗೆ ಕಾಣುವುದಿಲ್ಲ. ಎರಡೂ ತಾಳೆಯಾದರೆ ಮಾತ್ರ ಖಚಿತ ಎಂದು ತೋರಿಸುತ್ತದೆ. ಹಾಕುವವಳು ನಾನೇ ಎಂದು ತಿಳಿಯಲು, ಬಟ್ಟೆಯ ಥಾನಿಗೆ ಗಿರಣಿಯ ಮುದ್ರೆ ಇರುವಂತೆ, ನನಗೊಂದು ಡಿಜಿಟಲ್ ಸರ್ಟಿಫಿಕೇಟ್ ಬೇಕು. ಅದನ್ನು ಕೊಡುವುದು ಅಮೆರಿಕದ ಒಂದು ಆಫೀಸು.

ಕೊಲ್ಹಾಪುರದಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿಯ ಹಿರಿಯರೊಬ್ಬರಿದ್ದಾರೆ. ಅಜ್ಜನ ರೇಡಿಯೋ ಗೆಳೆಯರು. ಅವರು ಫೋನಿನಲ್ಲಿ ಹೇಳುತ್ತಾ ಹೋದಂತೆ ಮಾಮಿ ಕಂಪ್ಯೂಟರಿನಲ್ಲಿ ಅರ್ಜಿ ತಯಾರಿಸಿದಳು. "ಅಕ್ಕಾರ, ಈಗ ನಿಮ್ಮ ಯಂತ್ರದಾಗ ಒಂದು ಬೀಗದ ಕೈ ಹುಟ್ಟೇತ್ರಿ," ಎಂದರು ಅವರು. "ಅದು ಅಲ್ಲೇ ಇರತೈತಿ, ಯಾರಿಗೂ ಹೋಗೂದಿಲ್ಲ. ಅದಕ್ಕ ತಕ್ಕ ಬೀಗ ಅಷ್ಟ ಆಫೀಸಿಗೆ ಹೋತು." ನಾನು ಆ ಪೆಟ್ಟಿಗೆಯನ್ನು ಬೆರಗಿನಿಂದ ನೋಡಿದೆ. ಜಗತ್ತಿನಲ್ಲಿ ಇನ್ನೊಂದು ಇರದ ವಸ್ತು, ನನ್ನ ಹೆಸರಿನಲ್ಲಿ, ನಮ್ಮ ಮನೆಯ ಮೇಜಿನ ಮೇಲೆ ಆಗತಾನೆ ಹುಟ್ಟಿತ್ತು.

ಲೈಸೆನ್ಸಿನ ಪ್ರತಿ ಮತ್ತು ಗುರುತಿನ ಚೀಟಿಯ ಪ್ರತಿಯನ್ನು ಅಮೆರಿಕದ ಆಫೀಸಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ಕೊಲ್ಹಾಪುರದ ಅಂಚೆ ಕಚೇರಿಯಲ್ಲಿ ಕೌಂಟರಿನ ಹೆಂಗಸು ವಿಳಾಸ ನೋಡಿ, "ಮುಲಗಾ ಆಹೇ ಕಾ ತಿಕಡೆ?" ಎಂದು ಮರಾಠಿಯಲ್ಲಿ ಕೇಳಿದಳು. ಮಗ ಇದ್ದಾನೇನು ಅಲ್ಲಿ ಎಂದು. ನಾನು ಇಲ್ಲವೆಂದು ತಲೆಯಾಡಿಸಿದೆ. ಮಗಳೇ? ಅದೂ ಇಲ್ಲ. "ಮಗ್ ಕೋಣ?" ಮತ್ತೆ ಯಾರು, ಎಂದಳು. ಮಾಮಿ ನಡುವೆ ಬಾಯಿ ಹಾಕಿ, "ಮೈತ್ರೀಣ್," ಗೆಳತಿ, ಎಂದುಬಿಟ್ಟಳು. ಹೊರಗೆ ಬಂದ ಮೇಲೆ ಇಬ್ಬರೂ ನಕ್ಕೆವು.

ಆಮೇಲೆ ಆಯುಧಪೂಜೆಯ ಖಂಡೇನವಮಿ ಬಂತು. ನಮ್ಮೂರಿನಲ್ಲಿ ಆ ಹಬ್ಬ ಹೇಗೆಂದು ನಿಮಗೆ ಗೊತ್ತು. ದುಡಿಯುವ ಪ್ರತಿ ಯಂತ್ರವನ್ನೂ ಬಿಚ್ಚಿ, ಒರೆಸಿ, ಎಣ್ಣೆ ಕೊಟ್ಟು, ಪೂಜೆಗೆ ಹೊಸದರಂತೆ ಮಾಡಬೇಕು. ಹೊಲಸು ಯಂತ್ರಕ್ಕೆ ಕುಂಕುಮ ಹಚ್ಚುವುದು ಪಾಪ. ರೇಡಿಯೋಕ್ಕೆ ಒದ್ದೆ ಅರಿವೆ ಮುಟ್ಟಿಸಬೇಡಿ ಎಂದು ನಾನು ಬೆಳಗಿನಿಂದ ಬಾಗಿಲಲ್ಲೇ ಕುಳಿತು ಕಾದೆ. ಕಂಪ್ಯೂಟರಿನ ನೆನಪೇ ಆಗಲಿಲ್ಲ. ಅದನ್ನು ಮೈದುನರು ಹಿಂದಿನ ದಿನವೇ ದುರಸ್ತಿ ಅಂಗಡಿಗೆ ಒಯ್ದಿದ್ದರು. ಹಬ್ಬದ ದಿನ ಅದು ಚೆಂಡು ಹೂವಿನ ಹಾರ ಹಾಕಿಕೊಂಡು ಕುಳಿತಿತ್ತು.

"ನೋಡ್ರಿ ವೈನಿ, ಹೊರಗ ಅಷ್ಟ ಅಲ್ಲ, ಒಳಗೂ ತೊಳಿಸೇನಿ," ಎಂದರು ಹೆಮ್ಮೆಯಿಂದ. "ಹಳೇದೆಲ್ಲಾ ಅಳಿಸಿ ಹೊಸಾದು ಹಾಕಿ ಕೊಟ್ಟಾನ. ಈಗ ಕುದುರಿಗತೆ ಓಡತೈತಿ."

ನಾನೂ ಆರತಿ ಬೆಳಗಿದೆ, ಮಕ್ಕಳೇ. ಏನು ಹೋಯಿತೆಂದು ಆಗ ತಿಳಿಯಲಿಲ್ಲ.

ಹಬ್ಬ ಕಳೆದ ಮೇಲೆ ಸರ್ಟಿಫಿಕೇಟ್ ಇಮೇಲಿನಲ್ಲಿ ಬಂತು. ಮಾಮಿ ಎಷ್ಟು ಸಲ ಒತ್ತಿದರೂ ಅದು ಕಂಪ್ಯೂಟರಿನಲ್ಲಿ ಕೂಡಲಿಲ್ಲ. ಇದಕ್ಕೆ ಹೊಂದುವ ಅರ್ಜಿ ಈ ಯಂತ್ರದಲ್ಲಿ ಇಲ್ಲ ಎನ್ನುತ್ತಿತ್ತು. ಕೊಲ್ಹಾಪುರಕ್ಕೆ ಫೋನು ಹಚ್ಚಿದೆವು. ಹಿರಿಯರು ಎಲ್ಲ ಕೇಳಿ, "ಅಯ್ಯಯ್ಯ, ಬೀಗ ಬಂತು, ಬೀಗದ ಕೈಯನ್ನ ಖಂಡೇನವಮಿಗೆ ತೊಳದೀರಲ್ರಿ!" ಎಂದು ಜೋರಾಗಿ ನಕ್ಕರು. ಮೈದುನರ ಮುಖ ಸಣ್ಣದಾಯಿತು. ಹಿಡಿದಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು.

"ವೈನಿ, ನಿಮ್ಮ ನಡುಗಡ್ಡಿ ಹೋತೇನ್ರಿ?"

"ಹೋಗಿಲ್ಲ ತಗೋರಿ," ಎಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ.

ಆಫೀಸಿಗೆ ನಾನೇ ಪತ್ರ ಬರೆಯಬೇಕಾಯಿತು. ನಮ್ಮ ಹಬ್ಬ ಎಂಥದು, ಯಂತ್ರವನ್ನು ಏಕೆ ತೊಳೆದೆವು ಎಂಬುದನ್ನು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಬರೆದು, ಕಳಿಸಲು ನಾಚಿ ಮತ್ತೆ ಮತ್ತೆ ಅಳಿಸಿದೆ. ಕೊನೆಗೆ ಮಾಮಿ ನನ್ನನ್ನು ಕೇಳದೆ ಕಳಿಸಿಬಿಟ್ಟಳು. ಉತ್ತರ ಬಂತು. ಬೈಗುಳ ಇರಲಿಲ್ಲ. ನಿಮ್ಮ ಕಾಗದಗಳು ನಮ್ಮಲ್ಲಿವೆ, ಮತ್ತೆ ಅಂಚೆ ಬೇಡ, ಹೊಸ ಅರ್ಜಿ ಕಳಿಸಿ. ಹಬ್ಬದ ಶುಭಾಶಯ ಎಂದಿತ್ತು. ಮುಖ ನೋಡದ ಮನುಷ್ಯರು ನನ್ನ ಮಾತನ್ನು ನಂಬಿದ್ದರು. ಅಂದೇ ಹೊಸ ಅರ್ಜಿ ಕಳಿಸಿದೆವು.

ಹೊಸ ಸರ್ಟಿಫಿಕೇಟ್ ಬಂದಾಗ ಅದು ಸದ್ದಿಲ್ಲದೆ ಕೂತುಕೊಂಡಿತು. ಮಾಮಿ ಅದರದೊಂದು ಪ್ರತಿಯನ್ನು ಬೇರೆ ಕಡೆಯೂ ತೆಗೆದಿಟ್ಟಳು. ಆಮೇಲೆ ನಾನು ವಹಿಯಲ್ಲಿ ಬರೆದಿಟ್ಟಿದ್ದ ಭೇಟಿಗಳನ್ನೆಲ್ಲ ಮುದ್ರೆಯೊತ್ತಿ ಕಳಿಸಿದೆವು. ಉಳಿದವು ಒಂದೊಂದಾಗಿ ತಾಳೆಯಾದವು: ಜಪಾನು, ಇಟಲಿ, ರಷ್ಯಾ. ದ್ವೀಪದ ಸುದ್ದಿಯಿಲ್ಲ. ಅವರ ತಂಡ ಇನ್ನೂ ತಮ್ಮದನ್ನು ಹಾಕಿಲ್ಲ ಎಂದರು ಕೊಲ್ಹಾಪುರದವರು. ಕಾದೆ.

ಒಂದು ಮುಂಜಾನೆ ಹಾಲು ಕಾಯಿಸುತ್ತಿದ್ದಾಗ ಮಾಮಿ ಒಳಗಿನಿಂದ ಕೂಗಿದಳು. ಹೋಗಿ ನೋಡಿದೆ. ಆ ದ್ವೀಪದ ಹೆಸರಿನ ಸಾಲು, ಅದರ ಪಕ್ಕದಲ್ಲಿ ನನ್ನ ಕರೆಹೆಸರು, ಭೇಟಿಯ ದಿನ, ವೇಳೆ. ಖಚಿತ ಎಂದಿತ್ತು. ಆ ಗಾಳಿಯಲ್ಲಿ, ಗುಡಾರದೊಳಗೆ ಯಾರೋ ಒಬ್ಬರು ನನ್ನ ಉತ್ತರ ಕೇಳಿಸಿಕೊಂಡು ಅದೇ ಗಳಿಗೆಯಲ್ಲಿ ನನ್ನನ್ನು ಬರೆದಿಟ್ಟಿದ್ದರು. ಇಷ್ಟು ದಿನವೂ ನಾನು ಅಲ್ಲಿ ಇದ್ದೆ, ನನಗೆ ಗೊತ್ತಿರಲಿಲ್ಲ ಅಷ್ಟೆ.

ಮೈದುನರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಪರದೆಯ ಮೇಲೆ ಬಾಗಿದರು. "ಏನಂತ ಬರದಾರ್ರೀ?"

"ಏನೂ ಬರದಿಲ್ಲ. ಹೆಸರು, ವ್ಯಾಳ್ಯಾ. ಅಷ್ಟ."

"ಅಷ್ಟಕ್ಕ ಅಳಾಕತ್ತೀರೇನ್ರಿ ವೈನಿ?"

"ಹೌದ್ರಿ," ಎಂದೆ. ಅಡಿಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ನಾವು ಮೂವರೂ ಆ ಸಾಲನ್ನೇ ನೋಡುತ್ತ ನಿಂತಿದ್ದೆವು.