ಕದ್ದ ಕಡ್ಡಿಯ ಮಲ್ಲಿಗೆ

ನನ್ನ ಅಕ್ಷರ ಸೊಟ್ಟ, ಮಾತೂ ಸಾಲದು, ಕ್ಷಮಿಸಿ. ಆದರೂ ಅಕ್ಕಲಕೋಟೆಯ ನಮ್ಮ ಓಣಿಯ ಭಾಗಾಬಾಯಿಯ ಹೂದೋಟದ ಬಗ್ಗೆ ಬರೆಯದೆ ಇರಲಾರೆ! ದೀಪಾವಳಿಗೆ ಚೆಂಡುಹೂ, ಚಳಿಗೆ ಸೇವಂತಿಗೆ, ಬೇಸಿಗೆಗೆ ಮಲ್ಲಿಗೆ. ಅವರ ಅಂಗಳ ಎಂದೂ ಬರಿದಾಗುತ್ತಿರಲಿಲ್ಲ. ಯಾರಾದರೂ ಸಸಿ ಕೇಳಿದರೆ, "ಕೇಳಿ ಒಯ್ದದ್ದು ಬೇರು ಹತ್ತೂದಿಲ್ಲವ್ವಾ, ಕಳವು ಮಾಡು!" ಎಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಹೀಗೆ ದೂರದ ಹೋಟಗಿ ಊರಿನವರೆಗೂ ಅವರ ಕಳ್ಳರಿದ್ದಾರೆ. ಹೋದ ವರ್ಷ, ಎಪ್ಪತ್ತೆರಡರ ಬರದಲ್ಲಿ, ಬಾವಿ ಬತ್ತಿ ತೋಟವೆಲ್ಲ ಒಣಗಿತು. ಈ ವರ್ಷ ಮಳೆ ಬಿದ್ದದ್ದೇ ತಡ, ಭಾಗಾಬಾಯಿ ಮನೆಮನೆಗೆ ಹೋಗಿ ತಮ್ಮ ಗಿಡಗಳನ್ನೇ ಕದ್ದು ತರುತ್ತಿದ್ದಾರೆ! "ಕಳ್ಳಿ ಬಂದಾಳ್ರೀ!" ಎಂದು ನಕ್ಕು ಎಲ್ಲರೂ ಬೆನ್ನು ತಿರುಗಿಸುತ್ತಾರೆ. ಆದರೆ ಮದುವೆಯಾಗಿ ಬರುವಾಗ ಮಂದ್ರೂಪದ ತವರಿನಿಂದ ಮಡಿಲಲ್ಲಿ ತಂದಿದ್ದ ಮಲ್ಲಿಗೆ ಮಾತ್ರ ಎಲ್ಲೂ ಸಿಕ್ಕಿಲ್ಲ. "ನಮ್ಮವ್ವನ ಮಲ್ಲಗಿ ಹೋತು" ಎಂದು ನಿನ್ನೆ ಅತ್ತರು. ಅದರ ಕಡ್ಡಿ ಕದ್ದವಳು ನಾನು. ಬರದಲ್ಲೂ ಪಾತ್ರೆ ತೊಳೆದ ನೀರು ಹಾಕಿ ಉಳಿಸಿದ್ದೇನೆ. ನಾಳೆ ಅವರನ್ನು, ಅವರಿನ್ನೂ ಕಾಲಿಡದ ನಮ್ಮ ಹಿತ್ತಲಿಗೆ ಕರೆದು, ಬೆನ್ನು ತಿರುಗಿಸಿ ನಿಲ್ಲುತ್ತೇನೆ.