ಉದಾಹರಣೆಗೆ, ನಮ್ಮೂರ ಸೊಸೈಟಿ

ಕೊಪ್ಪದ ಕಾಲೇಜಿನಲ್ಲಿ ಅರ್ಪಣಾ ಮೇಡಂ ಪಾಠ ಕೇಳಿದವರು ಮೊಬೈಲನ್ನು ಕಂತಿನಲ್ಲಿ ಕೊಳ್ಳುವ ಮುಂಚೆ ಒಂದು ನಿಮಿಷವಾದರೂ ನಿಂತು ಯೋಚಿಸುತ್ತಾರೆ. "ಸೊನ್ನೆ ಬಡ್ಡಿ" ಅಂತ ಬೋರ್ಡು ಹಾಕಿದ ಅಂಗಡಿಗೆ ಹುಡುಗರನ್ನೇ ಕಳಿಸಿ, ಪ್ರೊಸೆಸಿಂಗ್ ಫೀ, ಇನ್ಶೂರೆನ್ಸು, ಹಾಳುಮೂಳು ಎಲ್ಲ ಕೂಡಿಸಿ ನಿಜವಾದ ಬಡ್ಡಿ ಎಷ್ಟೆಂದು ಬರೆಸಿ ತರಿಸಿದವರು ಅವರು. ಅಂಗಡಿಯವನು ಈಗಲೂ ಕಾಲೇಜು ಯೂನಿಫಾರಂ ಕಂಡರೆ ಮುಖ ತಿರುಗಿಸುತ್ತಾನಂತೆ.

ಶೃಂಗೇರಿ ಹತ್ತಿರದ ಅಡ್ಡಗದ್ದೆಯಿಂದ ದಿನಾ ಸ್ಕೂಟರಿನಲ್ಲಿ ಬರುವ ಮೇಡಂಗೆ ಪಠ್ಯಪುಸ್ತಕಕ್ಕಿಂತ ಮುಳುಗಿದ ಬ್ಯಾಂಕುಗಳ ಕತೆ ಇಷ್ಟ. ಹಾಲೆಂಡಿನಲ್ಲಿ ಹೂವಿನ ಗೆಡ್ಡೆಗೆ ಮನೆ ಮಾರಿದವರು, ಅಮೆರಿಕದಲ್ಲಿ ಸಾಲದ ಮನೆ ಬಿಟ್ಟು ಬೀದಿಗೆ ಬಂದವರು, ೧೯೬೦ರಲ್ಲಿ ಕೇರಳದ ಪಾಲಾ ಊರಿನ ಬ್ಯಾಂಕು ಮುಚ್ಚಿದಾಗ ಬಾಗಿಲ ಮುಂದೆ ನಿಂತವರು, ಇವರೆಲ್ಲ ಪಕ್ಕದ ಬೀದಿಯವರು ಎನ್ನುವ ಹಾಗೆ ಹೇಳುತ್ತಿದ್ದರು. ಕತೆ ಮುಗಿದ ಮೇಲೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ನಿಮ್ಮನೇಲಿ ಆಗಿದ್ರೆ ಎಂತ ಮಾಡ್ತಿದ್ರಿ?"

ಆ ಬುಧವಾರ ಪಾಲಾ ಕತೆ ಹೇಳಿ, ಮೇಡಂ ಹೀಗೆ ಕೇಳಿದ್ದರು: "ಉದಾಹರಣೆಗೆ, ನಮ್ಮೂರ ಸೊಸೈಟೀನೇ ತಗೊಳ್ಳಿ. ಒಂದೇ ದಿನ ಎಲ್ಲರೂ ಹೋಗಿ ದುಡ್ಡು ಕೊಡಿ ಅಂದ್ರೆ ಅಲ್ಲಿ ಅಷ್ಟು ದುಡ್ಡು ಇರುತ್ತಾ?"

"ಇಲ್ಲ ಮೇಡಂ!" ಎಂದಿತ್ತು ಇಡೀ ಕ್ಲಾಸು.

ಶುಕ್ರವಾರ ಬೆಳಿಗ್ಗೆ ಮೇಡಂ ರಜೆ ಹಾಕಿ ಕೊಪ್ಪದ ಅದೇ ಸಹಕಾರಿ ಸೊಸೈಟಿಗೆ ಹೊರಟರು. ಸೋಮವಾರ ಅಮ್ಮನ ಮಂಡಿ ಆಪರೇಷನ್. ಅಲ್ಲಿ ಠೇವಣಿ ಇಟ್ಟ ನಾಲ್ಕು ಲಕ್ಷದ ಅವಧಿ ಹಿಂದಿನ ದಿನವಷ್ಟೇ ಮುಗಿದಿತ್ತು. ಅದರಲ್ಲಿ ಒಂದೂವರೆ ಲಕ್ಷ ಆಸ್ಪತ್ರೆಗೆ ಕಟ್ಟಬೇಕು. ತಿರುವಿನಲ್ಲೇ ಸ್ಕೂಟರ್ ನಿಲ್ಲಿಸಿದರು. ಸೊಸೈಟಿಯ ಮೆಟ್ಟಿಲಿನಿಂದ ಹಿಡಿದು ಬೇಕರಿಯವರೆಗೆ ಜನ. ಯಾರೂ ಜೋರಾಗಿ ಮಾತಾಡುತ್ತಿಲ್ಲ. ಎಲ್ಲರ ಕೈಯಲ್ಲೂ ಪಾಸ್‌ಬುಕ್ಕು.

ಸಾಲಿನ ಮೊದಲಿಗೆ ನಿಂತವಳು ಗುಡ್ಡಮ್ಮ. ಕ್ಲಾಸಿನ ಅಮೂಲ್ಯಾಳ ಅಜ್ಜಿ.

"ಎಂತಾಯ್ತು ಅಜ್ಜಿ?"

"ನೀವೇ ಕೇಳ್ತೀರಲ್ಲ ಟೀಚರಮ್ಮ! ಸೊಸೈಟೀಲಿ ದುಡ್ಡಿಲ್ಲ ಅಂತ ನೀವೇ ಕ್ಲಾಸಲ್ಲಿ ಹೇಳಿದ್ರಂತೆ. ನಮ್ಮ ಹುಡುಗಿ ಬಂದು ಹೇಳ್ತು. ನಾನು ಪಕ್ಕದ ಮನೆಗೆ ಹೇಳ್ದೆ. ಹೇಳದೆ ಇರಕಾಗುತ್ತಾ?"

ಮೇಡಂ ಕೊಟ್ಟ ಉದಾಹರಣೆ ಎರಡೇ ದಿನದಲ್ಲಿ ಸುದ್ದಿಯಾಗಿ, ಬಾಗಿಲ ಮುಂದೆ ಬಂದು ನಿಂತಿತ್ತು. ಸುಳ್ಳು ಸುದ್ದಿಗೆ ಗಟ್ಟಿ ಬ್ಯಾಂಕೂ ಮುರಿಯುತ್ತದೆ ಎಂದು ಕ್ಲಾಸಿನಲ್ಲಿ ಹೇಳಿದವರೂ ಅವರೇ.

ಅಷ್ಟರಲ್ಲಿ ಪಕ್ಕದ ಓಣಿಯಿಂದ ಯಾರೋ ಕೈಸನ್ನೆ ಮಾಡಿದ್ದು ಕಂಡು ಮೇಡಂ ಅತ್ತ ಹೋದರು. ಸೊಸೈಟಿ ಕಾರ್ಯದರ್ಶಿ ವಾಸಪ್ಪ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು.

"ಮೇಡಂ, ಹಿಂದಿನ ಬಾಗಿಲಿಂದ ಬನ್ನಿ. ನಿಮ್ದು ಪೂರ್ತಿ ಮೊದ್ಲು ಮಾಡಿಕೊಟ್ಬಿಡ್ತೀನಿ. ಜಿಲ್ಲಾ ಬ್ಯಾಂಕಿಂದ ದುಡ್ಡು ಸಂಜೆ ಬರ್ತದೆ. ಅಲ್ಲೀತನಕ ಎಲ್ಲರಿಗೂ ಕೊಡಕ್ಕೆ ಇರೋದು ಸಾಕಾಗಲ್ಲ."

"ಸೊಸೈಟಿ ಗಟ್ಟಿ ಇದೆಯಾ ವಾಸಪ್ಪ? ನಿಜ ಹೇಳಿ."

"ಗಟ್ಟಿ ಇದೆ ಮಾರಾಯ್ರೆ! ದುಡ್ಡು ಎಲ್ಲ ರೈತರ ಸಾಲದಲ್ಲಿದೆ. ಮೆಣಸು ಮಾರಿದ ಮೇಲೆ ತಾನೇ ವಾಪಸ್ ಬರೋದು? ಇವತ್ತು ಮಧ್ಯಾಹ್ನ ಷಟರ್ ಎಳ್ದೆ ಅಂತಿಟ್ಕೊಳ್ಳಿ, ನಾಳೆ ಗಟ್ಟಿ ಇರಲ್ಲ, ಅಷ್ಟೇ."

ಮೇಡಂ ಆ ಅರೆತೆರೆದ ಬಾಗಿಲನ್ನೇ ನೋಡಿದರು. ಬ್ಯಾಂಕಿನ ಠೇವಣಿಗೆ ಇರುವ ವಿಮೆ ಇಂಥ ಸೊಸೈಟಿಗೆ ಇಲ್ಲವೆಂದು ಈ ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವರಿಗೇ. ಮೊದಲು ಹೋದವರಿಗೆ ಪೂರ್ತಿ, ಕೊನೆಯವರಿಗೆ ಬರಿಗೈ. ಕಾಲು ಒಂದು ಹೆಜ್ಜೆ ಬಾಗಿಲ ಕಡೆ ಹೋಗಿಯೂ ಹೋಯಿತು. ಆಗ ಹೊರಗಿನಿಂದ ಗುಡ್ಡಮ್ಮ ಯಾರಿಗೋ ಹೇಳುವುದು ಕೇಳಿಸಿತು: "ಟೀಚರಮ್ಮ ಎಲ್ಲಿ ಹೋದ್ರು? ಅವರು ಎಂತ ಮಾಡ್ತಾರೆ ನೋಡಿ ಮಾಡದು ಕಣೆ."

ಮೇಡಂ ತಿರುಗಿ ಬಂದು ಮೆಟ್ಟಿಲ ಮೇಲೆ ನಿಂತರು.

"ನಾನು ಹೇಳಿದ್ದು ಉದಾಹರಣೆ. ದುಡ್ಡಿಲ್ಲ ಅಂತ ಹೇಳಿಲ್ಲ. ಎಲ್ಲರೂ ಒಂದೇ ದಿನ ಕೇಳಿದ್ರೆ ಇರಲ್ಲ ಅಂದೆ."

"ಎರಡೂ ಒಂದೇ ಅಲ್ವ?" ಎಂದ ಸಾಲಿನ ನಡುವಿನಿಂದ ದಿನಸಿ ಅಂಗಡಿಯ ಬೈರಪ್ಪ. ಕೆಲವರು ನಕ್ಕರು. ಹಿಂದಿನಿಂದ ಯಾರೋ ಮುಂದಕ್ಕೆ ತಳ್ಳಿದರು. ಕಬ್ಬಿಣದ ಗೇಟು ಕಿರ್ರೆಂದಿತು.

ಬೋರ್ಡಿಲ್ಲ, ಚಾಕ್‌ಪೀಸಿಲ್ಲ. ಮೇಡಂ ಗುಡ್ಡಮ್ಮನ ಕಡೆಗೇ ತಿರುಗಿದರು.

"ಅಜ್ಜಿ, ನಾಟಿಗೆ ಮುಯ್ಯಾಳು ಹೋಗ್ತೀರಲ್ಲ?"

"ಹೋಗದೆ? ಇವತ್ತು ನಾನು ಅವರ ಗದ್ದೆಗೆ ಹೋದ್ರೆ ನಾಳೆ ಅವರು ನಮ್ಮ ಗದ್ದೆಗೆ."

"ಹತ್ತು ಮನೆಗೆ ಹೋಗಿ ದುಡಿದಿದೀರಿ. ಹತ್ತೂ ಜನ ನಾಳೆ ಬೆಳಿಗ್ಗೇನೇ ಬನ್ನಿ ಅಂತ ನೀವೂ ಕರೀತೀರಿ, ಊರಿನೋರೆಲ್ಲ ಹಂಗೇ ಕರೀತಾರೆ. ಬರಕಾಗುತ್ತಾ?"

"ಎಲ್ಲಿ ಬರ್ತಾರೆ? ಅವರವರ ಗದ್ದೆ ಕೆಲ್ಸ ಇರಲ್ವ?"

"ಹಂಗಾರೆ ನಿಮ್ಮ ಮುಯ್ಯಿ ಮುಳುಗಿ ಹೋಯ್ತಾ?"

"ಅಯ್ಯೋ, ಯಾಕೆ ಮುಳುಗುತ್ತೆ? ಬಾಕಿ ಇರ್ತದೆ."

"ನಿಮ್ಮ ದುಡ್ಡೂ ಹಂಗೇ ಅಜ್ಜಿ. ಬೇರೆಯವರ ಗದ್ದೇಲಿ ಕೆಲಸ ಮಾಡ್ತಾ ಇದೆ."

ಬೈರಪ್ಪ ಬಿಡಲಿಲ್ಲ. "ಮುಯ್ಯಿ ತೀರಿಸದೆ ಊರು ಬಿಟ್ಟೋರೂ ಇದಾರೆ ಮೇಡಂ."

"ಇದಾರೆ. ಸಾಲ ತಗೊಂಡು ಯಾರು ಕಟ್ಟಿಲ್ಲ ಅಂತ ಮಹಾಸಭೇಲಿ ಎದ್ದು ಕೇಳ್ಬೇಕಿತ್ತು. ಹೋದ ವರ್ಷ ಸಭೆಗೆ ಹೋಗಿದ್ರಾ ಬೈರಪ್ನೋರೇ?"

"ಊಟಕ್ಕೆ ಹೋಗಿದ್ನಪ್ಪ," ಎಂದ ಬೈರಪ್ಪ. ಈ ಸಲ ಸಾಲೆಲ್ಲ ನಕ್ಕಿತು. ಅವನ ಕಿವಿ ಕೆಂಪಾಯಿತು. "ಅದಿರ್ಲಿ. ನೀವು ಇವತ್ತು ಇಲ್ಲಿಗೆ ಬಂದಿದ್ದು ಎಂತಕ್ಕೆ? ಆ ಬ್ಯಾಗಲ್ಲಿ ಎಂತ ಇದೆ?"

ನಗು ನಿಂತಿತು. "ಸುಮ್ನೆ ಬಂದೆ" ಎಂದರೆ ಮುಗಿಯುತ್ತಿತ್ತು. ಅರ್ಧ ಸಾಲು ಮನೆಗೆ ಹೋಗುತ್ತಿತ್ತು. ಮೇಡಂ ಬ್ಯಾಗಿನ ಜಿಪ್ ಎಳೆದು ಠೇವಣಿ ಬಾಂಡ್ ಹೊರತೆಗೆದರು.

"ದುಡ್ಡು ತಗೊಳಕ್ಕೇ ಬಂದೆ."

"ಕಂಡ್ರಾ! ಕಂಡ್ರಾ!" ಬೈರಪ್ಪ ಕೂಗಿದ. ಸಾಲು ಮುರಿದು ಗುಂಪಾಯಿತು, ಗೇಟು ಗೋಡೆಗೆ ಬಡಿಯಿತು. ಒಳಗಿನಿಂದ ವಾಸಪ್ಪ ಷಟರಿನ ಕೊಕ್ಕೆಗೆ ಕೈ ಹಾಕಿದ್ದು ಕಾಣಿಸಿತು.

"ತಳ್ಳಬೇಡ್ರೋ, ಸಾಯ್ತೀನಿ!" ಗುಡ್ಡಮ್ಮ ಮೊಣಕೈ ಚಾಚಿ ಜಾಗ ಮಾಡಿಕೊಂಡಳು. "ಟೀಚರಮ್ಮ, ಎಂತಕ್ಕೆ ದುಡ್ಡು?"

"ಅಮ್ಮನ ಮಂಡಿ ಆಪರೇಷನ್ ಅಜ್ಜಿ. ಸೋಮವಾರ."

"ಎಷ್ಟು ಬೇಕು?"

"ಒಂದೂವರೆ ಲಕ್ಷ."

"ಇಲ್ಲಿ ಇರದು ಎಷ್ಟು?"

"ನಾಲ್ಕು."

ಗುಡ್ಡಮ್ಮ ಮೇಡಂ ಮುಖವನ್ನೇ ನೋಡಿದಳು. "ಮುಯ್ಯಾಳಲ್ಲಿ ಒಂದು ಮಾತು ಉಂಟು. ಯಾರ ಗದ್ದೆ ಮೊದ್ಲು ಹದಕ್ಕೆ ಬಂತೋ ಆಳು ಮೊದ್ಲು ಅಲ್ಲಿಗೆ. ನೀವು ಒಂದೂವರೆ ತಗಳ್ಳಿ. ಉಳಿದಿದ್ದು ನನ್ನ ದುಡ್ಡಿನ ಜೊತೆ ಒಳಗೇ ಇರ್ಲಿ. ನೀವು ಪೂರ್ತಿ ತಗಂಡ್ರೆ ನಾನೂ ಪೂರ್ತಿ ತಗಂತೀನಿ. ಹೇಳಿ, ಎಂತ?"

ಹಿಂದಿನ ಬಾಗಿಲು ಇನ್ನೂ ಅರೆತೆರೆದೇ ಇತ್ತು. ಎರಡೂವರೆ ಲಕ್ಷ ಎಂದರೆ ಮೇಡಂ ಎಷ್ಟೋ ವರ್ಷ ಸಂಬಳದಲ್ಲಿ ಉಳಿಸಿದ್ದು. ಅವರು ಎಲ್ಲರೆದುರು ಹಣ ಕೊಡುವ ಕಿಟಕಿಯ ಹತ್ತಿರ ಹೋದರು.

"ವಾಸಪ್ಪ, ಒಂದೂವರೆ ಕೊಡಿ. ಉಳಿದಿದ್ದಕ್ಕೆ ಹೊಸ ಬಾಂಡ್ ಬರೀರಿ. ಒಂದು ವರ್ಷಕ್ಕೆ."

ಗುಡ್ಡಮ್ಮ ಪಾಸ್‌ಬುಕ್ಕನ್ನು ಸೆರಗಿಗೆ ಸಿಕ್ಕಿಸಿಕೊಂಡು ಸಾಲಿನ ಕಡೆ ತಿರುಗಿದಳು. "ಇವತ್ತೇ ಬೇಕಾದೋರು ಯಾರ್ರೋ? ಮುಂದೆ ಬನ್ನಿ." ಮಗಳ ಫೀಸು ಕಟ್ಟುವವನೊಬ್ಬ ಬಂದ, ಬಾಣಂತಿಯ ಔಷಧಿಗೆಂದು ಒಬ್ಬಳು ಬಂದಳು. ಉಳಿದವರು ಕೆಲಹೊತ್ತು ಅಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬೇಕರಿಯ ಕಡೆಯಿಂದ ಸಾಲು ಕರಗತೊಡಗಿತು. ಬೈರಪ್ಪ ಮಾತ್ರ ತನ್ನ ಅರವತ್ತು ಸಾವಿರವನ್ನೂ ತೆಗೆದುಕೊಂಡು, ಎರಡು ಸಲ ಎಣಿಸಿ, ಯಾರ ಮುಖವನ್ನೂ ನೋಡದೆ ಹೋದ.

ಜಿಲ್ಲಾ ಬ್ಯಾಂಕಿನ ಜೀಪು ಬರುವವರೆಗೂ ಮೇಡಂ ಮೆಟ್ಟಿಲ ಮೇಲೇ ಕೂತಿದ್ದರು. ಸಂಜೆ ಷಟರ್ ಎಂದಿನ ಹೊತ್ತಿಗೇ ಇಳಿಯಿತು. ಆಗ ಕಾಲೇಜು ಬಿಟ್ಟ ಅಮೂಲ್ಯಾ ಓಡಿಬಂದಳು, ಕಣ್ಣು ಅತ್ತು ಊದಿತ್ತು.

"ಸಾರಿ ಮೇಡಂ, ನನ್ನಿಂದ..."

"ನಿನ್ನಿಂದ ಅಲ್ಲ ಮಾರಾಯ್ತಿ," ಮೇಡಂ ಹೆಲ್ಮೆಟ್ ಹಾಕಿಕೊಂಡರು. "ನನ್ನಿಂದ. ಇನ್ನು ಮೇಲೆ ಉದಾಹರಣೆಗೆ ಊರಿನ ಹೆಸರು ಇಡಲ್ಲ. ನೀನು ಮಾತ್ರ ಪಾಠ ಮನೇಲಿ ಹೇಳೋದು ಬಿಡಬೇಡ. ಪೂರ್ತಿ ಹೇಳು, ಅಷ್ಟೇ."