ಎಡಗಿವಿಯ ‘ಹೂಂ’

ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಮಧ್ಯಾಹ್ನದ ಊಟದ ಮೇಲಿನ ಒಂದು ಗಂಟೆ ನನಗೂ ಮೊಮ್ಮಗಳಿಗೂ ಮೀಸಲು. ಮಗಳು ಬೇಲಾಪುರದ ಆಫೀಸಿನಲ್ಲಿ, ಅಳಿಯ ತುರ್ಭೆಯ ಹೋಟೆಲಿನಲ್ಲಿ. ಶಾಲೆಯಿಂದ ಬಂದ ಹುಡುಗಿ ಗೋಡೆಯ ಬದಿಗೆ ಮಲಗುವಳು, ಅವಳ ಎಡಕ್ಕೆ ನಾನು. ಅವಳ ಎಡಗಿವಿಗೆ ಬಾಯಿ ತಾಗಿಸಿ ಉಡುಪಿಯ ನನ್ನ ಬಾಲ್ಯವನ್ನು ಪಿಸುಗುಟ್ಟುತ್ತಿದ್ದೆ. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದ ತಪ್ಪಿಗೆ ಸಿಸ್ಟರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು, ಹಾಗೆ ನಿಂತದ್ದರಿಂದಲೇ ಕಿಟಕಿಯಾಚೆ ಮೀನಿನ ಹೆಂಗಸರ ಜಗಳವನ್ನು ಪೂರ್ತಿ ನೋಡಲು ಸಿಕ್ಕಿದ್ದು. ನನ್ನ ಅಜ್ಜಿ ಇಟ್ಟಿದ್ದ ನಿಯಮವೇ ನನ್ನದೂ: ಕೇಳುವವರು ಹೂಂಗುಟ್ಟಬೇಕು, ‘ಹೂಂ’ ನಿಂತರೆ ಕಥೆಯೂ ನಿಲ್ಲುತ್ತದೆ.

ಅವಳು ಎರಡನೇ ಕ್ಲಾಸಿಗೆ ಬಂದ ವರ್ಷ ‘ಹೂಂ’ ನಿಂತಿತು.

ಮೊದಲು ನಿದ್ದೆ ಬಂತೆಂದುಕೊಂಡೆ. ನೋಡಿದರೆ ಕಣ್ಣು ತೆರೆದೇ ಇದೆ. ಸೂರು ನೋಡುತ್ತ ಏನೋ ಗುನುಗುತ್ತಿದ್ದಾಳೆ. ಇಲ್ಲಿ ಹುಟ್ಟಿದ ಮಕ್ಕಳು ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುವುದು ನನಗೆ ಹೊಸತಲ್ಲ. ಆದರೆ ಉತ್ತರವೇ ಇಲ್ಲದಿರುವುದು? ಅದೇ ನಾನು ಅಡುಗೆಮನೆಯ ಬಾಗಿಲಲ್ಲಿ ಎದುರಿಗೆ ನಿಂತು “ವಾಶ್ ಯುವರ್ ಹ್ಯಾಂಡ್ಸ್” ಎಂದರೆ ತಕ್ಷಣ ಹೋಗುತ್ತಿದ್ದಳು. ಇಂಗ್ಲಿಷ್ ಕೇಳಿಸುತ್ತದೆ, ಕನ್ನಡ ಮಾತ್ರ ಕೇಳಿಸುವುದಿಲ್ಲ! ನನಗೆ ಅಷ್ಟು ಸಾಕಾಯಿತು.

“ನಿನ್ನ ಮಗಳಿಗೆ ನನ್ನ ಕನ್ನಡ ಬೇಡವಂತೆ,” ಎಂದು ಸಂಜೆ ಮಗಳಿಗೆ ದೂರು ಹೇಳಿದೆ.

“ನಿನಗೆ ಕನ್ನಡ ಬೇಡ ಅಂತ ಬೆಂಚು ಹತ್ತಿಸಿದ್ದು ನನ್ನ ಮಗಳಲ್ಲ ಅಮ್ಮ, ಸಿಸ್ಟರ್. ಆ ಸಿಟ್ಟನ್ನು ಇವಳ ಮೇಲೆ ಎಂತಕ್ಕೆ ತೀರಿಸುದು?” ಎಂದು ಅವಳು ನಕ್ಕಳು.

ನಾನು ನಗಲಿಲ್ಲ. ಕಥೆ ನಿಲ್ಲಿಸಿಬಿಟ್ಟೆ. ಇಡೀ ಮಳೆಗಾಲ ಆ ಮಗುವಿನ ಜೊತೆ ಸಿಸ್ಟರುಗಳ ಇಂಗ್ಲಿಷಿನಲ್ಲೇ ವ್ಯವಹರಿಸಿದೆ. ಸಿಟ್ ಸ್ಟ್ರೇಟ್. ಫಿನಿಶ್ ಯುವರ್ ಮಿಲ್ಕ್. ಒಂದೆರಡು ಮಧ್ಯಾಹ್ನ ಅವಳು ತನ್ನಷ್ಟಕ್ಕೆ ಗೋಡೆಯ ಬದಿಗೆ ಹೋಗಿ ಮಲಗಿ ಕಾದಳು. ನಾನು ಹಾಲ್‌ನಲ್ಲಿ ಪೇಪರ್ ಹಿಡಿದು ಕೂತೇ ಇದ್ದೆ. ಆ ಮಧ್ಯಾಹ್ನಗಳನ್ನು ಯಾರಾದರೂ ವಾಪಸು ಕೊಡುವಂತಿದ್ದರೆ!

ಅವಳ ಎಡಗಿವಿ ಸೋರುತ್ತಿತ್ತು, ಅದು ಗೊತ್ತಿತ್ತು. ನೆಗಡಿಯಾದಾಗಲೆಲ್ಲ ಸೋರುವುದು, ಮತ್ತೆ ನಿಲ್ಲುವುದು. ಊರಿನ ಪದ್ಧತಿಯಂತೆ ಭಾನುವಾರದ ಎಣ್ಣೆಸ್ನಾನಕ್ಕೆ ಮೊದಲು ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ಉಗುರುಬೆಚ್ಚಗೆ ಎರಡು ಹನಿ ನಾನೇ ಬಿಡುತ್ತಿದ್ದೆ. ಕೆಟ್ಟ ವಾಸನೆ ಬಂದರೂ ಬೆಳ್ಳುಳ್ಳಿಯದೆಂದುಕೊಂಡೆವು. ಕೊನೆಗೆ ಶಾಲೆಯ ರಿಕ್ಷಾದ ಮಕ್ಕಳು ಅವಳ ಪಕ್ಕ ಕೂರುವುದಿಲ್ಲವೆಂದಾಗಲೇ ಥಾಣೆ ನಗರದ ಇಎನ್‌ಟಿ ಡಾಕ್ಟರ ಬಳಿ ಹೋದದ್ದು.

ಅವರು ಕಿವಿಯೊಳಗೆ ಕ್ಯಾಮೆರಾ ಇಟ್ಟು ಪರದೆಯ ಮೇಲೆ ತೋರಿಸಿದರು. ಕಿವಿತಮಟೆಯ ಮೇಲಂಚಿನಲ್ಲಿ ಮುತ್ತಿನ ಬಣ್ಣದ ಒಂದು ಗುಳಿಗೆ. ಕೊಲೆಸ್ಟಿಯಟೋಮ ಎಂದರು. ಕ್ಯಾನ್ಸರ್ ಅಲ್ಲ, ಚರ್ಮ, ಇರಬಾರದ ಜಾಗದಲ್ಲಿ ಬೆಳೆದ ಚರ್ಮ. ಮೂಗಿನ ಹಿಂದಿನಿಂದ ಕಿವಿಗೆ ಗಾಳಿ ಒಯ್ಯುವ ಸಣ್ಣ ನಳಿಗೆ ಪದೇ ಪದೇ ನೆಗಡಿಯಾಗಿ ಕಟ್ಟುತ್ತದೆ. ಒಳಗೆ ಗಾಳಿಯಿಲ್ಲದೆ ತಮಟೆ ಹಿಂದಕ್ಕೆ ಎಳೆದುಕೊಂಡು ಚೀಲದಂತಾಗುತ್ತದೆ. ಉದುರಿದ ಚರ್ಮ ಆ ಚೀಲದಲ್ಲಿ ತುಂಬಿ, ಉಂಡೆಯಾಗಿ, ಸುತ್ತಲಿನ ಎಲುಬನ್ನು ತಿನ್ನುತ್ತ ಹೋಗುತ್ತದೆ. ಶಬ್ದ ಸಾಗಿಸುವ ಮೂರು ಪುಟಾಣಿ ಎಲುಬುಗಳಲ್ಲಿ ನಡುವಿನದು ಆಗಲೇ ಹೋಗಿತ್ತು.

“ಹೂ ಪುಟ್ ದಿ ಆಯಿಲ್?” ಕಿವಿಯೊಳಗೆ ಎಣ್ಣೆಯ ಪಸೆ ಕಂಡು ಡಾಕ್ಟರು ಕೇಳಿದರು.

“ಐ ಡಿಡ್,” ಎಂದೆ, ಬೆಂಚಿನ ಮೇಲೆ ನಿಂತ ಹುಡುಗಿಯ ದನಿಯಲ್ಲಿ.

“ಎಣ್ಣೆಯಿಂದ ಇದು ಬಂದದ್ದಲ್ಲ ಆಂಟೀ. ಆದರೆ ಕಾಲ ಕಳೆಯಿತು,” ಎಂದರು ಅವರು ಇಂಗ್ಲಿಷಿನಲ್ಲೇ. ಆಮೇಲೆ ಮಗಳ ಕಡೆ ತಿರುಗಿ ಕೇಳಿದರು: “ಎದುರಿಗೆ ನಿಂತು ಕರೆದರೆ ಓಗೊಡುತ್ತಾಳಲ್ಲವೆ? ಎಡಬದಿಯಿಂದ ಮೆಲ್ಲಗೆ ಕರೆದರೆ?”

ಮಗಳು ನನ್ನ ಮುಖ ನೋಡಿದಳು. ನಾನು ಹ್ಯಾಂಡ್‌ಬ್ಯಾಗಿನ ಜಿಪ್ ಎಳೆಯುತ್ತ ಕೂತೆ.

ಔಷಧಿಯಿಂದ ಹೋಗುವಂಥದಲ್ಲ, ಆಪರೇಶನ್ನೇ ಆಗಬೇಕು. ಸ್ಕ್ಯಾನ್ ಮಾಡಿ, ಕಿವಿಯ ಹಿಂದೆ ಕೊಯ್ದು, ಎಲುಬನ್ನು ಕೊರೆದು ಉಂಡೆಯನ್ನೆಲ್ಲ ತೆಗೆದರು. ತಮಟೆಗೆ ತೇಪೆ ಹಾಕಿದರು. ಮೊದಲು ಸೇಫ್ ಇಯರ್, ಕೇಳಿಸುವ ವಿಚಾರ ಆಮೇಲೆ, ಎಂಬುದು ಡಾಕ್ಟರ ಮಾತು. ಮಕ್ಕಳಲ್ಲಿ ಇದು ಮತ್ತೆ ಬೆಳೆಯುವ ಭಯ ಹೆಚ್ಚಂತೆ. ವರ್ಷದ ಬಳಿಕ ಇನ್ನೊಮ್ಮೆ ತೆರೆದು ನೋಡಿ, ಸ್ವಚ್ಛವಾಗಿದ್ದರೆ ಹೋದ ಎಲುಬಿನ ಜಾಗಕ್ಕೆ ಕೃತಕವಾದದ್ದನ್ನು ಕೂರಿಸಬೇಕು. ನೋ ಪ್ರಾಮಿಸಸ್.

ತಲೆಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದ ಹುಡುಗಿ ಗೋಡೆಯ ಬದಿಯನ್ನು ಮುಟ್ಟಿ ತೋರಿಸಿದಳು. “ಅಜ್ಜಿ, ತೂ ಇಕಡೇ.” ಇನ್ನು ಈ ಬದಿ ನೀನು ಮಲಗು ಎಂದು. ಬಲಗಿವಿ ನನ್ನ ಕಡೆಗಾಯಿತು.

“ನನ್ನ ಮೇಲೆ ಸಿಟ್ಟಿಲ್ಲವಾ?” ಎಂದೆ.

“ಗುಸ್ಸಾ ತೋ ತೂ ಥೀ!”

ನಿಜ, ಸಿಟ್ಟು ಮಾಡಿಕೊಂಡಿದ್ದು ನಾನೇ. ಅಂದಿನಿಂದ ಎಣ್ಣೆಸ್ನಾನ ಬರೀ ಮೈಗೆ. ಕಿವಿಗೆ ನೀರೂ ತಾಗದಂತೆ ವ್ಯಾಸಲೀನ್ ಹಚ್ಚಿದ ಹತ್ತಿ. ಬಲಗಿವಿಗೆ ದಿನವೂ ಕಥೆ ಹೇಳಿದೆ, ‘ಹೂಂ’ ಬಂತು. ಆದರೂ ಗಾಯದ ಗೆರೆ ಹೊತ್ತ ಆ ಇನ್ನೊಂದು ಕಿವಿಗಾಗಿ ಹಂಬಲಿಸುತ್ತಿದ್ದೆ. ನಾನು ಹೇಳಿದ್ದಷ್ಟೂ ವ್ಯರ್ಥವಾಗಿ ಬಿದ್ದದ್ದು ಅಲ್ಲಿಯೇ.

ಎರಡನೇ ಆಪರೇಶನ್ ಈ ವರ್ಷ ಆಯಿತು. ಒಳಗೆ ಸ್ವಚ್ಛವಾಗಿತ್ತು, ಹೊಸ ಎಲುಬು ಕೂರಿಸಿದರು. ಕೆಲವು ವಾರಗಳ ಮೇಲೆ ಕಿವಿಯ ಟೆಸ್ಟಿನ ಕಾಗದ ನೋಡಿ ಡಾಕ್ಟರು ಫೇರ್ಲಿ ಗುಡ್ ಎಂದರು. ಕಾನ್ವೆಂಟಿನ ರಿಪೋರ್ಟ್ ಕಾರ್ಡಿನಲ್ಲಿ ನನಗೆ ಬರುತ್ತಿದ್ದ ರಿಮಾರ್ಕೂ ಅದೇ. ಮನೆಯಲ್ಲಿ ಯಾರೂ ಅದಕ್ಕೆ ಸಂತೋಷಪಡುತ್ತಿರಲಿಲ್ಲ. ನಾನು ಪಟ್ಟೆ.

ಆ ಮಧ್ಯಾಹ್ನ ಅವಳು ಹೇಳದೆ ಕೇಳದೆ ಗೋಡೆಯ ಬದಿಗೆ ಮಲಗಿ ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ನಾನು ಬೆಂಚಿನ ಕಥೆಯನ್ನು ಪಿಸುದನಿಯಲ್ಲಿ ಎತ್ತಿಕೊಂಡೆ. ಏನೂ ಇಲ್ಲ. ಇನ್ನೊಮ್ಮೆ ಹೇಳಿದೆ.

“ಜೋರ್ ಸೇ ಬೋಲ್ ನಾ.”

ದನಿ ಏರಿಸಿದೆ. ಪಿಸುಮಾತಲ್ಲ ಅದು, ಅಡುಗೆಮನೆಗೂ ಕೇಳುವಷ್ಟು ಮಾತು. ಮೀನಿನ ಹೆಂಗಸರು ಕಿಟಕಿಯ ಹತ್ತಿರ ಬರುವ ಹೊತ್ತಿಗೆ, “ಹೂಂ,” ಎಂದಳು.

ಪಿಸುಮಾತು ಅಲ್ಲಿಗಿನ್ನೂ ತಲುಪುವುದಿಲ್ಲ. ದಿನಾ ಮೊದಲ ಸಾಲನ್ನು ಪಿಸುದನಿಯಲ್ಲೇ ಹೇಳಿ, ಒಂದು ಕ್ಷಣ ಕಾದು, ಆಮೇಲೆ ಜೋರಾಗಿ ಶುರುಮಾಡುತ್ತೇನೆ.